ಒಂದು ಬಾಟಲಿ ಸಮುದ್ರ

ಡಬ್ಬಿ ಇತ್ತು. ಡಬ್ಬಿಯೊಳಗೆ ಕೆಂಪು ಬಟ್ಟೆ ಇತ್ತು. ಬಟ್ಟೆಯೊಳಗೆ ಇರಬೇಕಾಗಿದ್ದ ಕಾಸಿನ ಸರ ಇರಲಿಲ್ಲ.

ಮುನಿವೆಂಕಟಮ್ಮ ಕೂಗಾಡಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕುಳಿತು ಬಟ್ಟೆಯನ್ನು ಮೂರು ಸಲ ಕೊಡವಿದರು. ಆಮೇಲೆ ಮಗನನ್ನು ಕರೆದರು. ಕೂಗಾಡಿದ್ದು ಮಗ ಬೋರಣ್ಣ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವರು ಹಾಕಿದ ಕೂಗು ಯಡಿಯೂರು ಕೆರೆ ಸುತ್ತುತ್ತಿದ್ದ ವಾಕಿಂಗ್‌ನವರಿಗೂ ಕೇಳಿಸಿರಬೇಕು.

ಒಂದು ಗಂಟೆಯೊಳಗೆ ಸಬ್ ಇನ್ಸ್‌ಪೆಕ್ಟರ್ ವಿಜಯಲಕ್ಷ್ಮಿ ಬಂದಳು. ಜೊತೆಗೆ ಕಾನ್ಸ್‌ಟೇಬಲ್ ಗುರುಸಿದ್ದ. ವಿಜಯಲಕ್ಷ್ಮಿಯದು ಗದಗ ಜಿಲ್ಲೆಯ ರೋಣ. ಅವಳಿಗೆ ಒಂದು ಕಾಯಿಲೆ ಇತ್ತು. ಕೇಸಿಗೆ ಬೇಕಾದ್ದನ್ನು ಕೇಳಿ ಮುಗಿಸಿದ ಮೇಲೆ ಬೇಡವಾದ್ದನ್ನೂ ಕೇಳುವುದು. ಮೇಲಿನವರು ಇದಕ್ಕಾಗಿ ಎರಡು ಸಲ ಬೈದಿದ್ದರು. ಕಾಯಿಲೆ ವಾಸಿಯಾಗಿರಲಿಲ್ಲ.

"ಕೊನೇ ಸಲ ಸರ ನೋಡಿದ್ದು ಯಾವಾಗ ಅಜ್ಜಿ?"

"ಶುಕ್ರವಾರ ಕಣಮ್ಮ. ವಾರ ವಾರ ಕುಂಕುಮ ಇಟ್ಟು ಪೂಜೆ ಮಾಡ್ತೀನಿ."

"ಬೀರು ಕೀ?"

"ದೇವರ ಮನೇಲಿ. ಕಳಶದ ಕೆಳಗೆ."

"ಯಾರ್ಯಾರಿಗೆ ಗೊತ್ತು?"

"ಮನೆಯೋರಿಗೆಲ್ಲ ಗೊತ್ತು."

"ಕೆಂಚವ್ವಂಗೂ ಗೊತ್ತು, ಅದನ್ನ ಹೇಳಮ್ಮ!" ಬೋರಣ್ಣ ನಡುವೆ ಬಾಯಿ ಹಾಕಿದರು. "ಅಡುಗೆ ಕೆಲಸದೋಳು ಮೇಡಂ. ಮನೆ ಕೀನೂ ಕೊಟ್ಟಿದೀವಿ. ಶನಿವಾರ ನಾವೆಲ್ಲ ತಲಘಟ್ಟಪುರಕ್ಕೆ ಗೃಹಪ್ರವೇಶಕ್ಕೆ ಹೋಗಿದ್ವಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಮನೇಲಿ ಯಾರೂ ಇಲ್ಲ. ಅವಳು ಮಾತ್ರ ಬಂದು ಹೋಗಿದಾಳೆ. ಇನ್ನೇನು ಬೇಕು?"

ಬೀರುವಿನ ಬೀಗ ಮುರಿದಿರಲಿಲ್ಲ. ಮುಂಬಾಗಿಲೂ ಸರಿಯಾಗಿತ್ತು. ಹಿಂಬಾಗಿಲು ಮಾತ್ರ ಹಳೆಯದು. ಈ ಮೂರು ಅಂತಸ್ತು ಏಳುವ ಮೊದಲು ಇಲ್ಲಿದ್ದ ಹಳ್ಳಿಮನೆಯ ಬಾಗಿಲು ಅದು. ಅಪ್ಪನ ನೆನಪಿಗೆಂದು ಬೋರಣ್ಣ ಉಳಿಸಿಕೊಂಡಿದ್ದರು. ಒಳಗಡೆ ಮರದ ಅಗುಳಿ. ಬಾಗಿಲನ್ನು ಜೋರಾಗಿ ಎಳೆದುಕೊಂಡರೆ ಅದು ತಾನೇ ಕೆಳಗೆ ಬಿದ್ದು ಭದ್ರವಾಗುತ್ತಿತ್ತು. ಅಗುಳಿಯ ಕೆಳಭಾಗದಲ್ಲಿ ಒಂದು ಹೊಸ ಗೀರು ಕಂಡಿತು. ವಿಜಯಲಕ್ಷ್ಮಿ ಅದರ ಮೇಲೆ ಬೆರಳಾಡಿಸಿದಳು.

ಆಗ ಗೇಟಿನ ಸದ್ದಾಯಿತು. ಒಳಗೆ ಬಂದವನು ನಂದಕುಮಾರ್, ಮುನಿವೆಂಕಟಮ್ಮನ ಮಗಳ ಮಗ. ಮಗಳು ತೀರಿಕೊಂಡು ಆರು ವರ್ಷ. ನಂದಕುಮಾರ್ ಜೆ.ಪಿ. ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ. ಅವನ ಒಂದು ಕೈಯಲ್ಲಿ ದೊಡ್ಡ ಕವರು, ಇನ್ನೊಂದು ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ. ಬಾಟಲಿಯ ಕತ್ತಿಗೆ ಅರಿಶಿನದ ದಾರ ಕಟ್ಟಿತ್ತು.

"ಏನಾಯ್ತು ಮಾವ? ಪೊಲೀಸ್ ಯಾಕೆ?"

ಬೋರಣ್ಣ ಹೇಳಿದರು. ಅವನು ಕವರನ್ನು ಕೆಳಗಿಟ್ಟು ಅಜ್ಜಿಯ ಪಕ್ಕ ಕುಳಿತ.

"ಎಲ್ಲಿಂದ ಬಂದ್ರಿ?" ವಿಜಯಲಕ್ಷ್ಮಿ ಕೇಳಿದಳು.

"ಗೋಕರ್ಣ ಮೇಡಂ. ಶುಕ್ರವಾರ ಸಂಜೆ ಹೊರಟೆ, ಇವತ್ತು ಬೆಳಿಗ್ಗೆ ಇಳಿದೆ. ಪ್ರತಿ ವರ್ಷ ಹೋಗ್ತೀನಿ."

"ಎರಡು ಸಲ ಫೋನ್ ಮಾಡಿದೆ, ಎತ್ಲೇ ಇಲ್ಲ ನೀನು," ಎಂದರು ಅಜ್ಜಿ.

"ಅಲೆ ಸದ್ದಿಗೆ ಕೇಳಿಸ್ಲಿಲ್ಲ ಅಜ್ಜಿ. ಮೆಸೇಜ್ ಹಾಕಿದ್ನಲ್ಲ."

ಇಲ್ಲಿಗೆ ಕೇಸಿಗೆ ಬೇಕಾದ ಪ್ರಶ್ನೆ ಮುಗಿದಿತ್ತು. ಕಾಯಿಲೆ ಶುರುವಾಯಿತು.

"ನಾನು ಸಮುದ್ರ ನೋಡೇ ಇಲ್ಲ," ಎಂದಳು ವಿಜಯಲಕ್ಷ್ಮಿ. "ಹೆಂಗಿರುತ್ತೆ?"

ಗುರುಸಿದ್ದ ಗೋಡೆ ಕಡೆ ತಿರುಗಿ ನಿಟ್ಟುಸಿರು ಬಿಟ್ಟ. ನಂದಕುಮಾರ್ ಮಾತ್ರ ಖುಷಿಯಿಂದ ಹೇಳಿದ. ಬೆಳಿಗ್ಗೆ ಬೇಗ ಕುಡ್ಲೆ ಬೀಚಿನಿಂದ ಹೊರಟು, ಗುಡ್ಡ ಹತ್ತಿ ಇಳಿದು, ಓಂ ಬೀಚ್ ದಾಟಿ, ಹಾಫ್ ಮೂನ್, ಪ್ಯಾರಡೈಸ್‌ವರೆಗೂ ನಡೆಯಬೇಕಂತೆ. ದಾರಿಯ ಒಂದು ಪಕ್ಕಕ್ಕೆ ಉದ್ದಕ್ಕೂ ಸಮುದ್ರವಂತೆ. ವಾಪಸ್ ಬಂದವರಿಗೆ ಬಾಳೆಲೆ ಊಟ, ರವೆ ಹಚ್ಚಿ ಹುರಿದ ಬಂಗುಡೆ, ಸೀಗಡಿ ಸುಕ್ಕ, ಕೋಕಂ ಕಡಿ. ಹೇಳುತ್ತಾ ಅವನ ಬಾಯಲ್ಲೇ ನೀರೂರಿತು. ಫೋನ್ ತೆಗೆದು ಫೋಟೋ ತೋರಿಸಿದ. ಮರಳು, ಬಂಡೆ, ಹೆಜ್ಜೆಗುರುತು, ಸಂಜೆಯ ಸೂರ್ಯ, ತಟ್ಟೆಯಲ್ಲಿ ಮೀನು. ನಲವತ್ತು ಫೋಟೋ. ವಿಜಯಲಕ್ಷ್ಮಿ ಒಂದೊಂದನ್ನೂ ನಿಧಾನವಾಗಿ ನೋಡಿದಳು.

"ಈ ಬಾಟಲಿ?"

"ಸಮುದ್ರದ ನೀರು. ನಮ್ಮಜ್ಜಿಗೆ ಬೇಕು."

"ಯಾರೇ ಸಮುದ್ರಕ್ಕೆ ಹೋದ್ರೂ ನಾನೇ ದಾರ ಕಟ್ಟಿ ಬಾಟ್ಲಿ ಕೊಡ್ತೀನಮ್ಮ," ಎಂದರು ಮುನಿವೆಂಕಟಮ್ಮ. "ಅದನ್ನ ಮನೆ ಸುತ್ತ ಚಿಮುಕಿಸಿದ್ರೆ ದೃಷ್ಟಿ ಹೋಗುತ್ತೆ. ಅರ್ಪಿತನ್ ಮದುವೆ ಬೇರೆ ಇನ್ನು ಮೂರು ವಾರ. ಆ ಸರ ಅವಳಿಗೇ ಹಾಕ್ಬೇಕು ಅಂತಿದ್ದೆ. ಮೊಮ್ಮಗಳಲ್ವಾ, ಬೋರಣ್ಣನ್ ಮಗಳು. ಯಾರ ಕಣ್ಣು ಬಿತ್ತೋ."

ಅಲ್ಲೇ ಬಾಟಲಿಯ ಮುಚ್ಚಳ ತೆಗೆದು ಕೈಗೆ ಸುರಿದುಕೊಂಡು ಚಿಮುಕಿಸಿದರು. ಬೀರುವಿಗೆ, ಬಾಗಿಲಿಗೆ, ಮಗನಿಗೆ. ನಂದಕುಮಾರ್ ಕಣ್ಣು ಮುಚ್ಚಿ ತಲೆ ಬಗ್ಗಿಸಿದ. ಎರಡು ಹನಿ ವಿಜಯಲಕ್ಷ್ಮಿಯ ತುಟಿಗೂ ಬಿದ್ದವು. ನಾಲಿಗೆ ತಾಗಿಸಿ ನೋಡಿದಳು. ಉಪ್ಪು. ಇಷ್ಟೇನಾ ಸಮುದ್ರ ಅನ್ನಿಸಿತು. ಸ್ವಲ್ಪ ಬೇಜಾರೂ ಆಯಿತು.

* * *

ಎದುರುಮನೆಯ ವಸಿಷ್ಠ ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು. ಬೀದಿಗೆಲ್ಲ ಇದ್ದ ಒಂದೇ ಸಿ.ಸಿ. ಕ್ಯಾಮೆರಾ ಅವರದು. ಬೋರಣ್ಣನ ಗೇಟು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಸಂದು ಕಾಣುತ್ತಿರಲಿಲ್ಲ.

ಶನಿವಾರದ ದೃಶ್ಯ ಹೀಗಿತ್ತು. ಹನ್ನೊಂದಕ್ಕೆ ಕೆಂಚವ್ವ ಒಳಗೆ. ಹನ್ನೆರಡೂ ಮುಕ್ಕಾಲಿಗೆ ಹೊರಗೆ, ಕೈಯಲ್ಲಿ ಚೀಲ. ಒಂದೂವರೆಗೆ ಮೇಲಿನ ಬಾಡಿಗೆ ಹುಡುಗ ಚನ್ನವೀರ ಹೊರಗೆ, ಎದೆಗೆ ಅವಚಿಕೊಂಡ ದೊಡ್ಡ ಬ್ಯಾಗು. ಅಷ್ಟೇ.

ಕೆಂಚವ್ವ ಸ್ಟೇಷನ್ನಿನ ಬೆಂಚಿನ ಅಂಚಿಗೆ ಕುಳಿತಿದ್ದಳು. ಐವತ್ತರ ಹತ್ತಿರದ ಹೆಂಗಸು. ಗಂಡ ಸತ್ತ ಮೇಲೆ ಊರು ಬಿಟ್ಟು ಬಂದು ಹೊಸಕೆರೆಹಳ್ಳಿಯಲ್ಲಿ ಒಂದು ಕೋಣೆ ಹಿಡಿದಿದ್ದಳು.

"ಹೆದರಬ್ಯಾಡವ್ವ," ವಿಜಯಲಕ್ಷ್ಮಿ ತನ್ನೂರ ಮಾತಿಗಿಳಿದಳು. "ಚೀಲದಾಗ ಏನಿತ್ತು?"

"ರಾಗಿ ಹಿಟ್ಟು ರೀ. ಅಮ್ಮಾರ ತಗೊಂಡು ಹೋಗು ಅಂದಿದ್ರು. ಸರ ನಾ ಕಣ್ಣಿಲೇ ನೋಡಿಲ್ರಿ ಬಾಯಾರ."

"ಬೀರು ಚಾವಿ ಎಲ್ಲೈತಿ ಅಂತ ಗೊತ್ತಿತ್ತಿಲ್ಲ?"

"ಗೊತ್ತಿತ್ರಿ. ದೇವರ ಮನಿ ಕಸಾ ನಾನ ಹೊಡಿತೀನಿ. ಗೊತ್ತಿತ್ತು ಅಂದ್ರ ಕದ್ದಂಗ ಆತೇನ್ರಿ?" ಅವಳು ಬೆಂಚಿನಿಂದ ಅರ್ಧ ಎದ್ದಳು. "ಆ ಓಣ್ಯಾಗ ಆರು ಮನಿ ಮಾಡ್ತೀನ್ರಿ. ಮುಂಜಾನಿಂದ ಐದು ಮನಿಯವ್ರು ಬರಬ್ಯಾಡ ಅಂತ ಫೋನ್ ಮಾಡಿದ್ರು. ಕಳ್ಳಿ ಅನ್ನಿಸ್ಕೊಂಡು ಎಲ್ಲಿಗೆ ಹೋಗ್ಲಿ? ಯಾವ ಊರಾಗ ಕೆಲಸಾ ಕೊಡ್ತಾರ?"

ರಾಗಿ ಹಿಟ್ಟು ಕೊಟ್ಟಿದ್ದು ನಿಜ ಎಂದು ಮುನಿವೆಂಕಟಮ್ಮ ಫೋನಿನಲ್ಲಿ ಒಪ್ಪಿಕೊಂಡರು. ಆದರೆ ಹಿಟ್ಟಿನೊಳಗೆ ಸರ ಹುದುಗಿಸಲಾಗದು ಎಂದು ಯಾರೂ ಹೇಳುವಂತಿರಲಿಲ್ಲ. ಬೋರಣ್ಣನೂ ಅದನ್ನೇ ಹೇಳಿದರು, ಜೊತೆಗೆ ಇನ್ನೊಂದನ್ನೂ ಸೇರಿಸಿದರು.

"ನಿಮ್ಮ ಕಡೆಯೋಳು ಅಂತ ಬಿಟ್ಬಿಡ್ಬೇಡಿ ಮೇಡಂ. ಬುಧವಾರದೊಳಗೆ ಅರೆಸ್ಟ್ ಆಗ್ಲಿಲ್ಲ ಅಂದ್ರೆ ನಾನು ಕಮಿಷನರ್ ಆಫೀಸಿಗೇ ಹೋಗ್ತೀನಿ."

ವಿಜಯಲಕ್ಷ್ಮಿಯ ಕಿವಿ ಬಿಸಿಯಾಯಿತು. ಕೋಪವನ್ನು ನುಂಗಿಕೊಂಡು ಫೋನಿಟ್ಟಳು.

* * *

ಉಳಿದವನು ಚನ್ನವೀರ. ಬಿ.ಟಿ.ಎಂ.ನ ಒಂದು ಆಫೀಸಿನಲ್ಲಿ ಕೆಲಸ. ಮಂಗಳವಾರ ಬೆಳಿಗ್ಗೆ ಅವನ ಬಾಗಿಲು ತಟ್ಟಿದಾಗ ತೆರೆಯಲು ಎರಡು ನಿಮಿಷ ತಗೊಂಡ. ಮುಂಗೈ ತುಂಬ ಕೆಂಪು ಗೀರುಗಳು.

"ಶನಿವಾರ ಬ್ಯಾಗಲ್ಲಿ ಏನಿತ್ತು?"

"ಬಟ್ಟೀರಿ ಮೇಡಂ."

"ಬಟ್ಟೆ ಪರಚುತ್ತಾ?"

ಹುಡುಗ ತಲೆ ತಗ್ಗಿಸಿದ. ಮಂಚದ ಕೆಳಗಿನಿಂದ ಬಂದ 'ಮಿಯಾಂ' ಎಂಬ ಸದ್ದು ಉತ್ತರ ಕೊಟ್ಟಿತು.

"ಓನರ್‌ಗೆ ಹೇಳಬ್ಯಾಡ್ರಿ," ಅಂಗಲಾಚಿದ. "ಸಾಕುಪ್ರಾಣಿ ಇದ್ರ ರೂಮ್ ಖಾಲಿ ಮಾಡು ಅಂತ ಅಗ್ರಿಮೆಂಟ್‌ನ್ಯಾಗ ಬರ್ದಾರ. ಅವತ್ತು ಇಂಜೆಕ್ಷನ್ ಹಾಕ್ಸಾಕ ಒಯ್ದಿದ್ದೆ."

ಡಾಕ್ಟರ ಚೀಟಿ ಇತ್ತು. ಅದರ ಮೇಲೆ ಸಮಯವೂ ಇತ್ತು. ಒಂದು ಐವತ್ತು. ಗುರುಸಿದ್ದ ಬೆಕ್ಕಿನ ಹೆಸರನ್ನೂ ಬರೆದುಕೊಂಡ.

"ಹಂಗಾದ್ರೆ ಕೆಂಚವ್ವನೇ," ಎಂದ ಅವನು ಮೆಟ್ಟಿಲಿಳಿಯುತ್ತಾ. "ಮನೆಯೋರ ಫೋನೆಲ್ಲ ನೋಡಿಸಿದೀನಿ ಮೇಡಂ. ಮೂರು ಜನ ತಲಘಟ್ಟಪುರ. ನಂದಕುಮಾರ್‌ದು ಶನಿವಾರ, ಭಾನುವಾರ ಪೂರ್ತಿ ಗೋಕರ್ಣ ಟವರ್. ಎಲ್ಲರೂ ಕ್ಲಿಯರ್."

ವಿಜಯಲಕ್ಷ್ಮಿ ಹೂಂಗುಟ್ಟಿ ಕೆಳಗಿನ ಮನೆಗೆ ಹೋದಳು. ಮುನಿವೆಂಕಟಮ್ಮ ದೇವರ ಮನೆಯ ಗೂಡಿನಿಂದ ಒಂದು ಬಾಟಲಿ ತೆಗೆಯುತ್ತಿದ್ದರು. ಅದಕ್ಕೂ ಅರಿಶಿನದ ದಾರ, ಆದರೆ ಬಣ್ಣ ಮಾಸಿತ್ತು. ತಳದಲ್ಲಿ ನಾಲ್ಕು ಬೆರಳು ನೀರು. ಅದರ ಕೆಳಗೆ ಒಂದು ಗೆರೆ ಮರಳು.

"ಹೋದ ವರ್ಷದ್ದು," ಎಂದರು. "ನಂದನೇ ತಂದಿದ್ದು. ಹೊಸದು ಬಂತಲ್ಲ, ಇದನ್ನ ಮೂಲೆಗೆ ಚೆಲ್ಬಿಡೋಣ ಅಂತ."

"ಅಜ್ಜಿ, ಸ್ವಲ್ಪ ಕೊಡಿ. ನೋಡ್ತೀನಿ."

ಗುರುಸಿದ್ದ ಮತ್ತೆ ಗೋಡೆ ಕಡೆ ತಿರುಗಿದ.

ಅಂಗೈಗೆ ನಾಲ್ಕು ಹನಿ ಹಾಕಿಸಿಕೊಂಡು ನೆಕ್ಕಿದಳು. ಮೊದಲು ಉಪ್ಪು. ಮರುಕ್ಷಣ ಮುಖ ಹಿಂಡಿತು. ನಾಲಿಗೆಯ ಹಿಂಬದಿಯಲ್ಲಿ ಕಹಿ ಹತ್ತಿ ಕುಳಿತುಕೊಂಡಿತು. ಎರಡು ಸಲ ಉಗುಳಿದರೂ ಹೋಗಲಿಲ್ಲ.

"ಥೂ! ಇದು ಯಾಕಜ್ಜಿ ಕಹಿ?"

"ಸಮುದ್ರ ಹಂಗೇ ಅಂತೆ ಕಣಮ್ಮ. ನಾನೇನು ಕಂಡಿದೀನಾ? ಬಾಟ್ಲಿಲಿ ಬಂದಿದ್ದೇ ನನಗೆ ಸಮುದ್ರ."

"ನಿನ್ನೆದು ಕಹಿ ಇರಲಿಲ್ಲವಲ್ಲ."

ಮುನಿವೆಂಕಟಮ್ಮ ಅವಳ ಮುಖ ನೋಡಿದರು. ಆಮೇಲೆ ಹೊಸ ಬಾಟಲಿ ತಂದು ತಾವೂ ಬೆರಳದ್ದಿ ನೋಡಿದರು. ಮುಚ್ಚಳ ಹಾಕಿ ಎರಡನ್ನೂ ವಿಜಯಲಕ್ಷ್ಮಿಯ ಕೈಗೆ ಕೊಟ್ಟರು.

* * *

ವಸಿಷ್ಠರಿಗೆ ಹತ್ತು ವರ್ಷದಿಂದ ಪಾಠ ಹೇಳಲು ಯಾರೂ ಸಿಕ್ಕಿರಲಿಲ್ಲ. ಎರಡು ಬಾಟಲಿ ನೋಡಿ ಅವರ ಮುಖ ಅರಳಿತು.

"ಸಮುದ್ರದಲ್ಲಿ ನಾವು ತಿನ್ನೋ ಉಪ್ಪು ಒಂದೇ ಇರಲ್ಲ ಮೇಡಂ. ಮೆಗ್ನೀಸಿಯಂ ಉಪ್ಪುಗಳೂ ಇರ್ತವೆ. ಅವು ಕಹಿ. ಉಪ್ಪಿನ ಆಗರದವರು ಉಪ್ಪು ಬಾಚಿಕೊಂಡು ಆ ಕಹಿ ನೀರನ್ನ ಹೊರಗೆ ಬಿಟ್ಬಿಡ್ತಾರೆ. ಅದಕ್ಕೇ ಪ್ಯಾಕೆಟ್ ಉಪ್ಪು ಕಹಿ ಇರಲ್ಲ."

"ಒಂದು ವರ್ಷ ಇಟ್ಟಿದ್ದಕ್ಕೆ ಕಹಿ ಆಗಿರಬಹುದಾ?"

"ವಾಸನೆ ಬರಬಹುದು. ಕಹಿ ಎಲ್ಲಿಂದ ಬರುತ್ತೆ? ಬೇಕಾದ್ರೆ ಎರಡನ್ನೂ ಕಾಯಿಸಿ ನೋಡಿ. ಅಡುಗೆ ಉಪ್ಪಿನ ನೀರು ಒಣಗಿದ್ರೆ ಬೆಳ್ಳಗೆ ಪುಡಿ ಆಗಿ ಉಳಿಯುತ್ತೆ. ಸಮುದ್ರದ್ದು ಪೂರ್ತಿ ಒಣಗೋದೇ ಇಲ್ಲ, ಗಾಳೀಲಿಟ್ರೆ ಮತ್ತೆ ಬೆವರುತ್ತೆ."

ವಿಜಯಲಕ್ಷ್ಮಿ ಬೀದಿಯಲ್ಲೇ ನಿಂತು ಯೋಚಿಸಿದಳು. ಒಬ್ಬ ಮನುಷ್ಯ ಸಮುದ್ರದ ಪಕ್ಕ ಎರಡು ದಿನ ಇದ್ದು ಬಂದವನು, ಮನೆಯ ನಲ್ಲಿ ನೀರಿಗೆ ಉಪ್ಪು ಕದಡಿ ಯಾಕೆ ತರುತ್ತಾನೆ? ಮರೆತಿದ್ದೆ ಎಂದರೆ ಮುಗಿಯಿತಲ್ಲ. ಅಜ್ಜಿ ಎರಡು ಮಾತು ಬೈಯುತ್ತಿದ್ದರು, ಅಷ್ಟೇ. ಮರೆತೆ ಎನ್ನಲೂ ಹೆದರುವವನು ಇನ್ನೇನನ್ನೋ ಮುಚ್ಚಿಡುತ್ತಿದ್ದಾನೆ.

"ಗುರುಸಿದ್ದ, ಆ ನಲವತ್ತು ಫೋಟೋ ನೆನಪಿದೆಯಾ?"

"ಮೀನಿಂದು ನೆನಪಿದೆ ಮೇಡಂ."

"ಒಂದರಲ್ಲಾದ್ರೂ ಅವನ ಮುಖ ಇತ್ತಾ?"

ಗುರುಸಿದ್ದ ಬಾಯಿ ತೆರೆದ, ಮುಚ್ಚಿದ. ಆಮೇಲೆ ಜೀಪಿನ ಕಡೆ ಓಡಿದ.

* * *

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಬೋರಣ್ಣನ ಅಡುಗೆಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಎರಡರ ಮೇಲೂ ಒಂದೊಂದು ಸ್ಟೀಲ್ ಬಾಣಲೆ. ಮುನಿವೆಂಕಟಮ್ಮ ಕುರ್ಚಿಯಲ್ಲಿ, ಬೋರಣ್ಣ ಬಾಗಿಲಲ್ಲಿ, ನಂದಕುಮಾರ್ ಫ್ರಿಜ್ಜಿಗೆ ಒರಗಿ ನಿಂತಿದ್ದರು. ಕೆಂಚವ್ವನನ್ನು ವಿಜಯಲಕ್ಷ್ಮಿಯೇ ಕರೆಸಿದ್ದಳು. ಅವಳು ಹೊಸ್ತಿಲಿನ ಆಚೆ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ.

"ಎಡಗಡೆ ಹೋದ ವರ್ಷದ ನೀರು. ಬಲಗಡೆ ಈ ವರ್ಷದ್ದು," ಎಂದಳು ವಿಜಯಲಕ್ಷ್ಮಿ.

"ಅರೆಸ್ಟ್ ಮಾಡಿ ಅಂದ್ರೆ ಅಡುಗೆ ಮಾಡ್ತಿದೀರಲ್ಲ ಮೇಡಂ," ಬೋರಣ್ಣ ಗೊಣಗಿದರು.

ನೀರು ಕುದಿಯಿತು, ಇಂಗಿತು. ಬಲಗಡೆ ಬಾಣಲೆಯಲ್ಲಿ ಚಟಪಟ ಸದ್ದಾಗಿ ಬೆಳ್ಳನೆಯ ಪುಡಿ ಉಳಿಯಿತು. ಎಡಗಡೆಯದರಲ್ಲಿ ಮಬ್ಬು ಬಣ್ಣದ ಹಸಿ ಅಂಟು. ಒಲೆ ಆರಿಸಿ ಹತ್ತು ನಿಮಿಷ ಕಾದರು. ಬಲಗಡೆಯದು ಊದಿದರೆ ಹಾರುವಷ್ಟು ಒಣಗಿತ್ತು. ಎಡಗಡೆಯದು ಇನ್ನೂ ಹಸಿಯಾಗಿಯೇ ಇತ್ತು.

"ನಂದಕುಮಾರ್, ಇದು ಯಾವ ಬೀಚಿನ ನೀರು?"

ಅವನ ಹಣೆಯ ಮೇಲೂ ನೀರು ಬಂದಿತ್ತು. "ಕುಡ್ಲೆ."

"ಕುಡ್ಲೆಯಲ್ಲಿ ಪ್ಯಾಕೆಟ್ ಉಪ್ಪು ಹಾಕಿದಾರಾ?"

ಯಾರೂ ನಗಲಿಲ್ಲ.

"ನಾನು ಹೇಳ್ತೀನಿ ಕೇಳಿ," ಎಂದಳು. "ಗೋಕರ್ಣಕ್ಕೆ ಹೋಗಿದ್ದು ನಿಮ್ಮ ಫೋನ್. ನೀವಲ್ಲ. ನಿಮ್ಮ ಸ್ನೇಹಿತ ರೇವಂತ್ ಕೈಲಿ ಫೋನ್ ಕೊಟ್ಟು ಕಳಿಸಿದ್ರಿ. 'ಮನೇಲಿ ಗೊತ್ತಾಗ್ಬಾರ್ದು ಮಗಾ, ಎಲ್ಲೋ ಹೋಗೋದಿದೆ' ಅಂದ್ರಿ. ಅವನು ಪಾಪ ನಂಬಿದ. ಬೀಚೆಲ್ಲ ನಡೆದ, ಫೋಟೋ ತೆಗೆದ, ಮೀನು ತಿಂದ, ನಿಮ್ಮ ಹೆಸರಲ್ಲಿ ಮೆಸೇಜ್ ಹಾಕಿದ. ಫೋನ್ ಬಂದ್ರೆ ಮಾತ್ರ ಎತ್ತಲಿಲ್ಲ. ಎತ್ತಿದ್ರೆ ದನಿ ಬೇರೆ. ನಿಮ್ಮ ಫೋನ್ ಜೊತೆಗೇ ಓಡಾಡಿದ ಇನ್ನೊಂದು ನಂಬರ್ ಅವನದು, ನಿನ್ನೆ ಸಂಜೆ ಗುರುಸಿದ್ದನ ಮುಂದೆ ಎಲ್ಲ ಹೇಳಿದಾನೆ."

"ಮೇಡಂ..."

"ಶನಿವಾರ ಮನೆ ಖಾಲಿ ಅಂತ ನಿಮಗೆ ಗೊತ್ತಿತ್ತು. ಕೆಂಚವ್ವ ಹೋಗೋವರೆಗೂ ಕಾದ್ರಿ. ಹಿಂದಿನ ಸಂದಿಯಿಂದ ಬಂದ್ರಿ. ಆ ಹಳೇ ಬಾಗಿಲ ಸಂದಿಗೆ ಸ್ಕೇಲ್ ತೂರಿಸಿದ್ರೆ ಅಗುಳಿ ಏಳುತ್ತೆ. ಹೋಗೋವಾಗ ಎಳೆದ್ರೆ ತಾನೇ ಬೀಳುತ್ತೆ. ಇದು ಹೊರಗಿನೋರಿಗೆ ಗೊತ್ತಾಗೋ ಮಾತಲ್ಲ."

"ಚಿಕ್ಕೋನಿದ್ದಾಗ ಕ್ರಿಕೆಟ್ ಆಡಿ ಲೇಟಾದ್ರೆ ಹಂಗೇ ಬರ್ತಿದ್ದ," ಎಂದರು ಮುನಿವೆಂಕಟಮ್ಮ ಮೆಲ್ಲಗೆ. "ಮಲಗಿರೋ ಹಾಗೆ ನಟಿಸ್ತಿದ್ದೆ ನಾನು."

"ಎಲ್ಲ ಸರಿಯಾಗೇ ಆಗಿತ್ತು. ಸೋಮವಾರ ಬೆಳಿಗ್ಗೆ ರೇವಂತ್ ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಫೋನ್ ಕೊಟ್ಟ. ಒಣ ಸೀಗಡಿ, ಕೋಕಂ, ತೊಡೆದೇವು ಕೊಟ್ಟ. ಅವು ಮರೆತಿದ್ರೂ ನಡೀತಿತ್ತು. ಕರಾವಳಿದು ಏನು ಬೇಕಾದ್ರೂ ಜಯನಗರದಲ್ಲಿ ಸಿಗುತ್ತೆ. ಸಿಗದೇ ಇರೋದು ಸಮುದ್ರ ಒಂದೇ. ಅಜ್ಜಿ ದಾರ ಕಟ್ಟಿ ಕೊಟ್ಟ ಬಾಟಲಿನ ರೇವಂತ್ ಕೈಗೆ ಕೊಡೋದು ಮರೆತಿದ್ರಿ, ಅದು ನಿಮ್ಮ ಕಾರಲ್ಲೇ ಖಾಲಿ ಬಿದ್ದಿತ್ತು. ಪ್ರತಿ ವರ್ಷ ತರೋರು ಈ ವರ್ಷ ಬರಿಗೈಲಿ ಬಂದ್ರೆ ಅನುಮಾನ ಬರುತ್ತೆ ಅಂತ ಹೆದರಿದ್ರಿ. ಮನೆಯಲ್ಲೇ ಸಮುದ್ರ ಮಾಡಿದ್ರಿ."

ನಂದಕುಮಾರ್ ನೆಲ ನೋಡುತ್ತಿದ್ದ.

"ನಿಜವಾದ ಸಮುದ್ರದ ನೀರು ಹೇಗಿರುತ್ತೆ ಅಂತ ನಮಗೆ ತೋರಿಸಿದ್ದು ಹೋದ ವರ್ಷದ ಬಾಟಲಿ. ಅದನ್ನ ತಂದೋರೂ ನೀವೇ. ಸರ ಎಲ್ಲಿ?"

"ಮನೇಲಿದೆ," ಎಂದ ಅವನು. "ಅಮ್ಮನ ಫೋಟೋ ಹಿಂದೆ. ಮಾರಕ್ಕಲ್ಲ ಮೇಡಂ. ಜಮೀನು ಪಾಲಾದಾಗ ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟು ಅಮ್ಮನ ಸಹಿ ಹಾಕಿಸ್ಕೊಂಡ್ರು. ಸೈಟೂ ಕೇಳ್ಲಿಲ್ಲ, ಮನೇನೂ ಕೇಳ್ಲಿಲ್ಲ ನಮ್ಮಮ್ಮ. ಆ ಸರ ಒಂದು ನಂಗಿರ್ಲಿ ಅಂದ್ಳು. ನೋಡೋಣ ಅಂದ್ರು ಎಲ್ಲರೂ. ನೋಡ್ತಾ ನೋಡ್ತಾನೇ ಅವಳು ಹೋದ್ಳು. ಈಗ ಅರ್ಪಿತಂಗೆ ಅಂತ ಕೇಳಿ ತಡ್ಕೊಳಕ್ಕಾಗ್ಲಿಲ್ಲ."

ಬೋರಣ್ಣ ಬಾಗಿಲ ಚೌಕಟ್ಟಿನ ಕಡೆ ಮುಖ ತಿರುಗಿಸಿದರು. ಆ ಸಹಿಯ ದಿನ ಪೆನ್ನು ಕೊಟ್ಟವರು ಅವರೇ.

ಮುನಿವೆಂಕಟಮ್ಮ ಕಣ್ಣೊರೆಸಿಕೊಳ್ಳಲಿಲ್ಲ. ನೀರು ಸುಮ್ಮನೆ ಇಳಿಯುತ್ತಿತ್ತು.

"ನಿಮ್ಮಮ್ಮಂಗೆ ಕೊಡಬೇಕಿತ್ತು. ಕೊಡ್ಲಿಲ್ಲ. ಆ ತಪ್ಪು ನಂದೇ," ಎಂದರು. "ಅದಕ್ಕೆ ಕದ್ದೆ, ಆಯ್ತು. ಆದ್ರೆ ನಲ್ಲಿ ನೀರಿಗೆ ಉಪ್ಪು ಕದಡಿ ತಂದು ಕೊಟ್ಯಲ್ಲೋ. ದೃಷ್ಟಿ ಹೋಗ್ಲಿ ಅಂತ ಅದನ್ನ ನಿನ್ನ ತಲೆ ಮೇಲೆ ಚಿಮುಕಿಸಿದೆ ನಾನು. ಕಣ್ಣು ಮುಚ್ಕೊಂಡು ತಲೆ ಬಗ್ಗಿಸಿದ್ಯಲ್ಲೋ ನಂದ. ಆ ಹೆಂಗಸನ್ನ ಮೂರು ದಿನ ಬೀದಿಯೋರೆಲ್ಲ ಕಳ್ಳಿ ಅಂದ್ರು. ಆಗಲೂ ಬಾಯಿ ಬಿಡ್ಲಿಲ್ಲ ನೀನು."

ಗುರುಸಿದ್ದ ಅವನ ಭುಜ ಮುಟ್ಟಿದ. ಕೇಸು ವಾಪಸ್ ತಗೊಳ್ಳಬಹುದಾ ಎಂದು ಬೋರಣ್ಣ ಪಿಸುಗುಟ್ಟಿದರು. ಎಫ್.ಐ.ಆರ್. ಆಗಿದೆ, ಇನ್ನು ಕೋರ್ಟು ನೋಡಿಕೊಳ್ಳುತ್ತದೆ ಎಂದಳು ವಿಜಯಲಕ್ಷ್ಮಿ.

"ನಿಮಗೆ ಇನ್ನೊಂದು ಕೆಲಸ ಇದೆ ಬೋರಣ್ಣನೋರೆ. ಐದು ಮನೆಗೂ ಈಗಲೇ ಫೋನ್ ಮಾಡಿ. ಸ್ಪೀಕರ್ ಹಾಕಿ. ಕೆಂಚವ್ವ ಕದ್ದಿಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ."

ಬೋರಣ್ಣ ಹೇಳಿದರು. ಮೊದಲ ಮನೆಗೆ ಹೇಳುವಾಗ ತಡವರಿಸಿದರು. ಐದನೆಯ ಮನೆಯ ಹೊತ್ತಿಗೆ ಮಾತು ಸರಾಗವಾಗಿತ್ತು, ಅದಕ್ಕೆ ಕ್ಷಮೆಯೂ ಸೇರಿಕೊಂಡಿತ್ತು.

ಮುನಿವೆಂಕಟಮ್ಮ ಸೆರಗಿನ ಗಂಟಿನಿಂದ ಸೋಮವಾರ ಕೆಂಚವ್ವನಿಂದ ವಾಪಸ್ ಪಡೆದಿದ್ದ ಮನೆಯ ಕೀ ಬಿಚ್ಚಿ ಹೊಸ್ತಿಲಿನವರೆಗೂ ನಡೆದು ಬಂದರು. "ತಗೋ ಕೆಂಚವ್ವ. ನಾಳೆಯಿಂದ ಬಾರಮ್ಮ."

ಕೆಂಚವ್ವ ಕೈ ಚಾಚಲಿಲ್ಲ.

"ಬರ್ತೀನ್ರಿ ಅಮ್ಮಾರ. ಕೆಲಸಾ ಬಿಟ್ರ ಹೊಟ್ಟಿ ನಡಿಯಂಗಿಲ್ಲ. ಚಾವಿ ಮಾತ್ರ ಬ್ಯಾಡ್ರಿ. ನಾ ಗಂಟಿ ಒತ್ತತೀನಿ, ಒಳಗಿಂದ ನೀವ ಬಂದು ತಗೀರಿ."

"ನನ್ನ ಮಂಡಿ ನೋವು ಗೊತ್ತಲ್ಲೇ ನಿಂಗೆ. ಹೊತ್ತಾಗುತ್ತೆ."

"ಆಗ್ಲಿ ರೀ. ಕಾಯ್ತೀನಿ."

ಗುರುವಾರ ಹನ್ನೊಂದಕ್ಕೆ ಬಾಗಿಲ ಗಂಟೆ ಸದ್ದು ಮಾಡಿತು. ಮುನಿವೆಂಕಟಮ್ಮ ಗೋಡೆ ಹಿಡಿದು ಎದ್ದರು. ತೆಗೆಯಲು ಹೋದ ಬೋರಣ್ಣನನ್ನು ಕೈ ಸನ್ನೆಯಲ್ಲಿ ತಡೆದರು. ಒಂದೊಂದೇ ಹೆಜ್ಜೆ ಇಟ್ಟು ಹೋಗಿ ತಾವೇ ಬಾಗಿಲು ತೆರೆದರು.